ರೌಟರಿಗೆ ಪೆನ್‌ಡ್ರೈವ್ ಸಿಕ್ಕಿಸುವ ಮೊದಲು: ಯಾವ ಫರ್ಮ್‌ವೇರ್, ಯಾವ ಡ್ರೈವ್, ಎಷ್ಟು ಸ್ಕ್ರಿಪ್ಟ್?

ಒಂದು ಬೆಳಿಗ್ಗೆ ಮನೆಯ ಫೋನ್‌ಗಳೆಲ್ಲ ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಅನ್ನುವಲ್ಲೇ ನಿಂತುಬಿಟ್ಟಿದ್ದವು. ವೈಫೈ ಹೆಸರು ಕಾಣುತ್ತಿತ್ತು, ಪಾಸ್‌ವರ್ಡೂ ಒಪ್ಪುತ್ತಿತ್ತು, ರೌಟರಿನ ದೀಪಗಳೂ ಎಂದಿನಂತೆ ಉರಿಯುತ್ತಿದ್ದವು. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ, ಐಪಿ ವಿಳಾಸವನ್ನು ನಾನೇ ಬರೆದುಕೊಟ್ಟು, ಎಸ್‌ಎಸ್‌ಎಚ್ (ಇನ್ನೊಂದು ಯಂತ್ರಕ್ಕೆ ಆಜ್ಞೆ ಟೈಪ್ ಮಾಡುವ ದಾರಿ) ಮೂಲಕ ರೌಟರಿನ ಒಳಹೊಕ್ಕು ಅದರ ಲಾಗ್, ಅಂದರೆ ನಡೆದದ್ದರ ದಾಖಲೆ, ನೋಡಿದೆ. ರೌಟರಿನ ಹಿಂದೆ ಸಿಕ್ಕಿಸಿದ್ದ ಪೆನ್‌ಡ್ರೈವ್ ರಾತ್ರಿಯೇ ಪ್ರಾಣ ಬಿಟ್ಟಿತ್ತು.

ಪೆನ್‌ಡ್ರೈವ್ ಸತ್ತರೆ ಇಂಟರ್ನೆಟ್ ಯಾಕೆ ಹೋಗಬೇಕು? ಹೋಗುವ ಹಾಗೆ ಮಾಡಿಟ್ಟವನು ನಾನೇ. ಅನೇಕ ಮನೆ ರೌಟರ್‌ಗಳಲ್ಲಿ ವೆಬ್‌ಸೈಟಿನ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಕೆಲಸ, ಫೋನ್‌ಗಳಿಗೆ ಐಪಿ ಹಂಚುವ ಕೆಲಸ ಎರಡನ್ನೂ ಡಿಎನ್‌ಎಸ್‌ಮಾಸ್ಕ್ ಎಂಬ ಒಂದೇ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಜಾಹೀರಾತು ತಡೆಯುವ ದೊಡ್ಡ ಪಟ್ಟಿಯೊಂದನ್ನು ಪೆನ್‌ಡ್ರೈವ್‌ನಲ್ಲಿಟ್ಟು, ಅದನ್ನು ಓದಿಕೋ ಎಂದು ಅದರ ಸೆಟ್ಟಿಂಗ್‌ನಲ್ಲಿ ‘ಕಾನ್ಫ್-ಫೈಲ್’ ಅನ್ನುವ ಒಂದು ಸಾಲು ಸೇರಿಸಿದ್ದೆ. ರಾತ್ರಿ ಕರೆಂಟ್ ಹೋಗಿ ಬಂತು, ರೌಟರ್ ಎದ್ದಿತು, ಪೆನ್‌ಡ್ರೈವ್ ಏಳಲಿಲ್ಲ. ಕಾನ್ಫ್-ಫೈಲ್ ಎಂದು ಹೇಳಿದ ಫೈಲ್ ಸಿಗದಿದ್ದರೆ ಡಿಎನ್‌ಎಸ್‌ಮಾಸ್ಕ್ ಹಟ ಹಿಡಿದು ಶುರುವೇ ಆಗುವುದಿಲ್ಲ. ಅದೇ ಪಟ್ಟಿಯನ್ನು ‘ಆಡ್-ಹೋಸ್ಟ್ಸ್’ ಎಂದು ಕೊಟ್ಟಿದ್ದರೆ ಲಾಗ್‌ನಲ್ಲಿ ಒಂದು ಸಾಲು ಗೊಣಗಿ ಮುಂದೆ ಹೋಗುತ್ತಿತ್ತು.

ಅಂದಿನಿಂದ ರೌಟರಿನ ಮೇಲೆ ಏನೇ ಹೇರುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಡ್ರೈವ್ ಸತ್ತ ದಿನ ಮನೆಯ ನೆಟ್ ಏನಾಗುತ್ತದೆ? ವೇಗ, ಸೌಲಭ್ಯ, ಮೆನುಗಳ ಅಂದ ಎಲ್ಲ ಆಮೇಲೆ. ಕೆಳಗಿನ ಹೋಲಿಕೆಯನ್ನೂ ಈ ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದೇನೆ.

ಕಂಪನಿಯ ಫರ್ಮ್‌ವೇರ್ ಹಾಗೇ ಇರಲಿ ಅನ್ನುವವರಿಗೆ

ಡ್ರೈವ್ ಸಿಕ್ಕಿಸಿ ಮನೆಯೊಳಗೆ ಫೈಲ್ ಹಂಚಿಕೊಳ್ಳಬೇಕು, ಟಿವಿಯಲ್ಲಿ ವಿಡಿಯೊ ನೋಡಬೇಕು, ಅಷ್ಟೇ ಸಾಕು ಅನ್ನುವವರು ಮುಂದೆ ಓದುವ ಅಗತ್ಯವೇ ಇಲ್ಲ. ರೌಟರಿನ ಜೊತೆ ಬಂದ ಫರ್ಮ್‌ವೇರ್‌ನಲ್ಲೇ, ಅಂದರೆ ಅದನ್ನು ನಡೆಸುವ ತಂತ್ರಾಂಶದಲ್ಲೇ, ಕಂಪ್ಯೂಟರಿಗೆ ಫೈಲ್ ಹಂಚುವ ಸಾಂಬಾ, ಟಿವಿಗೆ ವಿಡಿಯೊ ಕಳಿಸುವ ಡಿಎಲ್‌ಎನ್‌ಎ ಸಾಮಾನ್ಯವಾಗಿ ಇರುತ್ತವೆ. ಡ್ರೈವ್ ಸತ್ತರೆ ಹೋಗುವುದು ಫೈಲ್‌ಗಳು ಮಾತ್ರ. ನೆಟ್ ಕೂದಲೂ ಕೊಂಕದೆ ಇರುತ್ತದೆ.

ಒಂದೇ ತಲೆನೋವು, ಹಳೆಯ ರೌಟರ್‌ಗಳು ಫೈಲ್ ಹಂಚಿಕೆಯ ಭಾಷೆಯಾದ ಎಸ್‌ಎಂಬಿಯ ಮೊದಲ ಆವೃತ್ತಿಯನ್ನೇ ಮಾತಾಡುತ್ತವೆ. ವಿಂಡೋಸ್ 10ರ 1709 ಆವೃತ್ತಿಯಿಂದ, ಅಂದರೆ 2017ರಿಂದ ಈಚೆಗೆ, ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಅದು ಇರುವುದಿಲ್ಲ, ಇದ್ದರೂ ಕೆಲವು ದಿನ ಬಳಸದಿದ್ದರೆ ತಾನಾಗಿ ಹೋಗುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುರ್ತಂತ್ರಾಂಶ ಹರಡಿದ್ದು ಆ ಹಳೆಯ ಬಾಗಿಲಿನಿಂದಲೇ. ‘ನೆಟ್‌ವರ್ಕ್ ಡ್ರೈವ್ ಕಾಣುತ್ತಿಲ್ಲ’ ಎಂದು ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ಆನ್ ಮಾಡಿಕೊಳ್ಳಬೇಡಿ. ರೌಟರಿನಲ್ಲಿ ಎಸ್‌ಎಂಬಿ 2 ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಆ ರೌಟರಿನಿಂದ ಫೈಲ್ ಹಂಚುವ ಆಸೆ ಬಿಡಿ.

ಮರ್ಲಿನ್: ಆಸುಸ್ ರೌಟರ್ ಇದ್ದವರ ಸುಲಭ ದಾರಿ

ಆಸುಸ್‌ಡಬ್ಲ್ಯೂಆರ್‌ಟಿ-ಮರ್ಲಿನ್ ಎಂಬುದು ಆಸುಸ್‌ನ ಸ್ವಂತ ಫರ್ಮ್‌ವೇರನ್ನೇ ತಿದ್ದಿ ಕಟ್ಟಿದ್ದು. ಆಸುಸ್‌ನ ಎಲ್ಲ ಮಾದರಿಗಳಿಗೂ ಸಿಗುವುದಿಲ್ಲ, ಬೆಂಬಲವಿರುವ ಮಾದರಿಗಳ ಪಟ್ಟಿ ನೋಡಿಯೇ ಮುಂದುವರಿಯಬೇಕು. ಪುಟಗಳು, ಮೆನುಗಳು ಮೊದಲಿನಂತೆಯೇ ಇರುವುದರಿಂದ ಮನೆಯವರಿಗೆ ಏನೋ ಬದಲಾಯಿತು ಅಂತಲೂ ಗೊತ್ತಾಗುವುದಿಲ್ಲ. ಒಳಗೆ ಮಾತ್ರ ಸ್ಕ್ರಿಪ್ಟ್, ಅಂದರೆ ತಾನಾಗಿ ಓಡುವ ಆಜ್ಞೆಗಳ ಫೈಲ್, ಬರೆದು ಇಡಲು ಜಾಗ ಸಿಕ್ಕಿರುತ್ತದೆ.

ಆ ಜಾಗದ ಹೆಸರು ಜೆಎಫ್‌ಎಫ್‌ಎಸ್. ಇದು ಪೆನ್‌ಡ್ರೈವ್‌ನಲ್ಲಿ ಇರುವುದಲ್ಲ, ರೌಟರಿನದೇ ಫ್ಲ್ಯಾಶ್‌ನಲ್ಲಿ, ಅಂದರೆ ಅದರೊಳಗಿನ ಶಾಶ್ವತ ಸಂಗ್ರಹದಲ್ಲಿ, ಕೆಲವೇ ಹತ್ತು ಎಂಬಿಯ ಒಂದು ಮೂಲೆ. ಅಡ್ಮಿನಿಸ್ಟ್ರೇಷನ್ ಪುಟದ ಸಿಸ್ಟಂ ವಿಭಾಗದಲ್ಲಿ ‘ಜೆಎಫ್‌ಎಫ್‌ಎಸ್ ಕಸ್ಟಮ್ ಸ್ಕ್ರಿಪ್ಟ್ಸ್’ ಅನ್ನುವುದನ್ನು ‘ಯೆಸ್’ ಮಾಡಬೇಕು. ಆಮೇಲೆ ಅಲ್ಲಿನ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ಗೊತ್ತಾದ ಹೆಸರಿನ ಫೈಲ್ ಇಟ್ಟರೆ ಗೊತ್ತಾದ ಹೊತ್ತಿಗೆ ಅದು ಓಡುತ್ತದೆ. ರೌಟರ್ ಎದ್ದು ಸೇವೆಗಳು ಶುರುವಾದಾಗ ಸರ್ವಿಸಸ್-ಸ್ಟಾರ್ಟ್, ಫೈರ್‌ವಾಲ್ ಎದ್ದಾಗ ಫೈರ್‌ವಾಲ್-ಸ್ಟಾರ್ಟ್, ಯುಎಸ್‌ಬಿ ಡ್ರೈವ್ ಮೌಂಟ್ ಆದಾಗ (ಬಳಕೆಗೆ ಸಿದ್ಧವಾದಾಗ) ಪೋಸ್ಟ್-ಮೌಂಟ್. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಯಾವ ದೂರೂ ಬರುವುದಿಲ್ಲ. ಸ್ಕ್ರಿಪ್ಟ್ ಸುಮ್ಮನೆ ಓಡುವುದಿಲ್ಲ, ನೀವು ಅರ್ಧ ದಿನ ಹುಡುಕುತ್ತೀರಿ.

ಸಿದ್ಧ ಆಡ್‌ಆನ್‌ಗಳಿಗೆ, ಅಂದರೆ ಬೇರೆಯವರು ಬರೆದಿಟ್ಟ ಹೆಚ್ಚುವರಿ ಪ್ರೋಗ್ರಾಂಗಳಿಗೆ, ಇಷ್ಟು ತಿಳಿದಿರಬೇಕಾಗಿಯೂ ಇಲ್ಲ. ಎಸ್‌ಎಸ್‌ಎಚ್‌ನಲ್ಲಿ ಎಎಂಟಿಎಂ ಎಂದು ಟೈಪ್ ಮಾಡಿದರೆ ಒಂದು ಮೆನು ತೆರೆಯುತ್ತದೆ. ಡ್ರೈವ್ ಫಾರ್ಮ್ಯಾಟ್ ಮಾಡುವುದು, ಸ್ವಾಪ್ ಫೈಲ್ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಮಾಡುವುದು, ಎಂಟ್‌ವೇರ್ (ಹೆಚ್ಚುವರಿ ಪ್ರೋಗ್ರಾಂಗಳ ಭಂಡಾರ) ಹಾಕುವುದು, ಜಾಹೀರಾತು ತಡೆಗೆ ಡೈವರ್ಶನ್, ಕೆಟ್ಟ ಐಪಿಗಳನ್ನು ತಡೆಯಲು ಸ್ಕೈನೆಟ್, ಎಲ್ಲ ಅಲ್ಲೇ ಅಂಕಿಯನ್ನೋ ಅಕ್ಷರವನ್ನೋ ಒತ್ತಿದರೆ ಆಯಿತು. ನಾನು ಕಂಡ ಮಟ್ಟಿಗೆ, ಲಿನಕ್ಸ್ ಗೊತ್ತಿಲ್ಲದವರನ್ನು ರೌಟರ್ ಒಳಗೆ ಇಷ್ಟು ಸಲೀಸಾಗಿ ಕರೆದೊಯ್ಯುವ ಮೆನು ಬೇರೆ ಇಲ್ಲ.

ಡ್ರೈವ್ ಸತ್ತರೆ? ಸ್ಕ್ರಿಪ್ಟ್‌ಗಳು ಒಳಗಿನ ಫ್ಲ್ಯಾಶ್‌ನಲ್ಲಿ, ಅವು ಕರೆಯುವ ಪ್ರೋಗ್ರಾಂಗಳು ಪೆನ್‌ಡ್ರೈವ್‌ನಲ್ಲಿ. ಪೋಸ್ಟ್-ಮೌಂಟ್ ಓಡದ ಕಾರಣ ಎಂಟ್‌ವೇರ್ ಏಳುವುದಿಲ್ಲ, ಮನೆಯ ನೆಟ್ ಆಡ್‌ಆನ್ ಇಲ್ಲದೆ ನಡೆಯುತ್ತದೆ. ಎಡವಟ್ಟಾಗುವುದು ನನ್ನಂತೆ ಸ್ವಂತ ಬುದ್ಧಿ ಓಡಿಸಿ ಡಿಎನ್‌ಎಸ್‌ಮಾಸ್ಕ್‌ಗೆ ನೇರವಾಗಿ ಡ್ರೈವ್‌ನ ದಾರಿ ತೋರಿಸಿದಾಗ. ರೌಟರ್ ಏಳುವಾಗ ಡಿಎನ್‌ಎಸ್‌ಮಾಸ್ಕ್ ಮೊದಲು, ಡ್ರೈವ್ ಆಮೇಲೆ. ಡ್ರೈವ್ ಗಟ್ಟಿಮುಟ್ಟಾಗಿದ್ದರೂ ಆ ಕೆಲವು ಸೆಕೆಂಡು ಫೈಲ್ ಇರುವುದಿಲ್ಲ. ‘ಫೈಲ್ ಇದ್ದರೆ ಮಾತ್ರ ಈ ಸಾಲು ಸೇರಿಸು’ ಎಂದು ಡಿಎನ್‌ಎಸ್‌ಮಾಸ್ಕ್‌ನ ಪೋಸ್ಟ್‌ಕಾನ್ಫ್ ಸ್ಕ್ರಿಪ್ಟ್‌ನಲ್ಲಿ ಒಂದು ಪರೀಕ್ಷೆ ಬರೆದು, ಪೋಸ್ಟ್-ಮೌಂಟ್‌ನಲ್ಲಿ ಡಿಎನ್‌ಎಸ್‌ಮಾಸ್ಕ್ ಮರುಶುರು ಮಾಡಿಸಿದರೆ ಈ ಕಾಟ ಕಳೆಯಿತು.

ಓಪನ್‌ಡಬ್ಲ್ಯೂಆರ್‌ಟಿ: ಎಲ್ಲ ನಿಮ್ಮ ಕೈಯಲ್ಲಿ, ತಪ್ಪೂ ಸೇರಿ

2003ರಲ್ಲಿ ಲಿಂಕ್ಸಿಸ್‌ನ ಡಬ್ಲ್ಯೂಆರ್‌ಟಿ54ಜಿ ರೌಟರಿನ ಲಿನಕ್ಸ್ ಮೂಲಸಂಕೇತ ಹೊರಬಂತು. ಮರುವರ್ಷ ಅದರ ಮೇಲೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ಈ ಫರ್ಮ್‌ವೇರ್ ಯೋಜನೆ ಶುರುವಾಯಿತು. ಹೆಸರಿನ ಬಾಲದಲ್ಲಿರುವ ‘ಡಬ್ಲ್ಯೂಆರ್‌ಟಿ’ ಆ ರೌಟರಿನದೇ. ಇವತ್ತು ಹತ್ತಾರು ಕಂಪನಿಗಳ ನೂರಾರು ಮಾದರಿಗಳ ಮೇಲೆ ಓಡುತ್ತದೆ. ಇಲ್ಲಿ ಯುಎಸ್‌ಬಿ ಕೂಡ ತಾನಾಗಿ ಬರುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ಯುಎಸ್‌ಬಿ ಸ್ಟೋರೇಜ್‌ನ ಕರ್ನಲ್ ಮಾಡ್ಯೂಲ್ (ಚಾಲಕ ತಂತ್ರಾಂಶ), ಲಿನಕ್ಸ್‌ನ ಡ್ರೈವ್ ಫಾರ್ಮ್ಯಾಟ್ ಆದ ಇಎಕ್ಸ್‌ಟಿ4ರ ಮಾಡ್ಯೂಲ್, ಬ್ಲಾಕ್-ಮೌಂಟ್ ಪ್ಯಾಕೇಜ್ ಒಂದೊಂದಾಗಿ ಹಾಕಿಕೊಳ್ಳಬೇಕು. 24.10 ಆವೃತ್ತಿಯವರೆಗೆ ಅದಕ್ಕೆ ಓಪಿಕೆಜಿ ಆಜ್ಞೆ, 25.12ರಿಂದ ಎಪಿಕೆ. ಹಳೆಯ ಮಾರ್ಗದರ್ಶಿಯ ಸಾಲುಗಳನ್ನು ಹಾಗೇ ಅಂಟಿಸಿದರೆ ಹೊಸ ರೌಟರ್ ಒಪ್ಪುವುದಿಲ್ಲ.

ಡ್ರೈವನ್ನು ಎರಡು ರೀತಿ ಬಳಸಬಹುದು, ಎರಡಕ್ಕೂ ಅಜಗಜಾಂತರ. ಮೊದಲನೆಯದು ಬರೀ ದತ್ತಾಂಶಕ್ಕೆ: ಒಂದು ಫೋಲ್ಡರಿನಲ್ಲಿ ಮೌಂಟ್ ಮಾಡಿ ಫೈಲ್, ಲಾಗ್ ಇಡುವುದು. ಎರಡನೆಯದು ಎಕ್ಸ್‌ಟ್‌ರೂಟ್: ರೌಟರಿನ ಬರೆಯಬಹುದಾದ ಭಾಗವನ್ನೇ, ಅಂದರೆ ಸೆಟ್ಟಿಂಗ್ ಮತ್ತು ಹಾಕಿದ ಪ್ಯಾಕೇಜ್‌ಗಳೆಲ್ಲವನ್ನೂ, ಡ್ರೈವ್‌ಗೆ ಎತ್ತಿ ಹಾಕುವುದು. 8 ಅಥವಾ 16 ಎಂಬಿ ಫ್ಲ್ಯಾಶ್ ಇರುವ ರೌಟರಿಗೆ ಇದು ಹೊಸ ಜೀವ ಬಂದ ಹಾಗೆ. ಒಮ್ಮೆಲೇ ಜಿಬಿಗಟ್ಟಲೆ ಜಾಗ.

ಆದರೆ ಎಕ್ಸ್‌ಟ್‌ರೂಟ್ ಮಾಡಿದ ಡ್ರೈವ್ ಸತ್ತರೆ ರೌಟರಿಗೆ ಮರೆವು ಬಡಿಯುತ್ತದೆ. ಒಳಗಿನ ಫ್ಲ್ಯಾಶ್‌ನಲ್ಲಿ ಎಕ್ಸ್‌ಟ್‌ರೂಟ್ ಮಾಡಿದ ದಿನ ಏನಿತ್ತೋ ಆ ಸೆಟ್ಟಿಂಗ್‌ನೊಂದಿಗೆ ಅದು ಏಳುತ್ತದೆ. ಆಮೇಲೆ ಬದಲಿಸಿದ ವೈಫೈ ಹೆಸರು, ಪಾಸ್‌ವರ್ಡ್, ಫೈರ್‌ವಾಲ್ ನಿಯಮ ಯಾವುದೂ ಇಲ್ಲ. ಹೊಸ ರೌಟರಿಗೆ ಮೊದಲ ದಿನವೇ ಎಕ್ಸ್‌ಟ್‌ರೂಟ್ ಮಾಡಿದ್ದರಂತೂ ವೈಫೈಯೇ ಕಾಣದಿರಬಹುದು, ಯಾಕೆಂದರೆ ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಸಾಮಾನ್ಯವಾಗಿ ವೈಫೈ ಆಫ್ ಆಗಿಯೇ ಬರುತ್ತದೆ. ಫರ್ಮ್‌ವೇರ್ ಮೇಲ್ದರ್ಜೆಗೇರಿಸಿದಾಗಲೂ ಇದೇ ಕಥೆ: ಡ್ರೈವ್‌ನಲ್ಲಿ ಬರೆದಿಟ್ಟ ಗುರುತು ಹೊಸ ವ್ಯವಸ್ಥೆಯೊಂದಿಗೆ ತಾಳೆಯಾಗದೆ ರೌಟರ್ ಅದನ್ನು ಪಕ್ಕಕ್ಕಿಟ್ಟು ಏಳುತ್ತದೆ, ಎಕ್ಸ್‌ಟ್‌ರೂಟ್ ಮತ್ತೆ ಮೊದಲಿಂದ ಮಾಡಬೇಕು.

ಹಾಗಾಗಿ ಎಕ್ಸ್‌ಟ್‌ರೂಟ್ ಮಾಡುವುದೇ ಆದರೆ, ಮೊದಲು ಒಳಗಿನ ಫ್ಲ್ಯಾಶ್‌ನಲ್ಲೇ ವೈಫೈ, ಪಾಸ್‌ವರ್ಡ್, ಲೈನಿನ ಸೆಟ್ಟಿಂಗ್ ಎಲ್ಲ ಸರಿಮಾಡಿ ನೆಟ್ ಬರುವಂತೆ ಮಾಡಿಕೊಳ್ಳಿ. ಆಮೇಲೆ ಡ್ರೈವ್. ಡ್ರೈವ್ ಕೈಕೊಟ್ಟ ದಿನ ರೌಟರ್ ಹಿಂದಿನ ದಿನಕ್ಕೆ ಮರಳಿದರೂ ಆ ಹಿಂದಿನ ದಿನದಲ್ಲಿ ನೆಟ್ ಇರುತ್ತದೆ. 128 ಎಂಬಿ ಫ್ಲ್ಯಾಶ್ ಇರುವ ರೌಟರಿಗೆ ಎಕ್ಸ್‌ಟ್‌ರೂಟ್ ಹುಚ್ಚು ಬೇಡವೇ ಬೇಡ.

ಬ್ರಾಡ್‌ಕಾಮ್ ಚಿಪ್‌ನ ಹಳೆಯ ರೌಟರ್ ಇದ್ದವರಿಗೆ ಫ್ರೆಶ್‌ಟೊಮ್ಯಾಟೊ ಎಂಬ ಇನ್ನೊಂದು ಫರ್ಮ್‌ವೇರ್‌ನ ದಾರಿ ಇದೆ. ಇನಿಟ್, ಶಟ್‌ಡೌನ್, ಫೈರ್‌ವಾಲ್, ವ್ಯಾನ್ ಅಪ್ ಎಂಬ ಪೆಟ್ಟಿಗೆಗಳು ವೆಬ್ ಪುಟದಲ್ಲೇ ಇರುತ್ತವೆ, ಸ್ಕ್ರಿಪ್ಟನ್ನು ಅಲ್ಲೇ ಬರೆಯಬಹುದು. ಎರಡು ಸಾಲಿನ ಸ್ಕ್ರಿಪ್ಟ್ ಸಾಕೆನ್ನುವವರಿಗೆ ಇದರಷ್ಟು ಹಗುರವಾದದ್ದಿಲ್ಲ.

ರೌಟರಿಗೆ ಏನೂ ಬೇಡ, ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ

ರಾಸ್ಪ್‌ಬೆರಿ ಪೈ, ಹಳೆಯ ಲ್ಯಾಪ್‌ಟಾಪ್, ಯಾವುದಾದರೂ ಸಣ್ಣ ಕಂಪ್ಯೂಟರ್. ಜಾಹೀರಾತು ತಡೆಯುವ ಪೈ-ಹೋಲ್, ಫೈಲ್ ಹಂಚಿಕೆ, ಟೊರೆಂಟ್ ಎಲ್ಲ ಅದರ ಮೇಲೆ. ರೌಟರ್ ಪ್ಯಾಕೆಟ್ ಸಾಗಿಸುವ ತನ್ನ ಕೆಲಸ ಮಾಡಿಕೊಂಡಿರಲಿ. 256 ಎಂಬಿ ರ‍್ಯಾಮ್‌ನ ರೌಟರಿಗೆ ಲಕ್ಷಾಂತರ ಸಾಲಿನ ತಡೆಪಟ್ಟಿ, ಟ್ರಾಫಿಕ್ ದಾಖಲೆ, ಮೀಡಿಯಾ ಸರ್ವರ್ ಎಲ್ಲ ಹೇರುವುದನ್ನು ನೋಡಿದಾಗ ಮೂಗಿಗಿಂತ ಮೂಗುತಿ ಭಾರ ಅನ್ನುವ ಮಾತು ನೆನಪಾಗುತ್ತದೆ. ಅಂಥವರಿಗೆ ಈ ದಾರಿಯೇ ಸರಿ.

ಇದೂ ಪೂರ್ತಿ ಸುರಕ್ಷಿತವೆಂದು ತಿಳಿಯಬೇಡಿ. ಮನೆಯ ಎಲ್ಲ ಸಾಧನಗಳಿಗೂ ಡಿಎನ್‌ಎಸ್ (ಹೆಸರನ್ನು ವಿಳಾಸಕ್ಕೆ ತಿರುಗಿಸುವ ಸರ್ವರ್) ಆಗಿ ಪೈ ಒಂದನ್ನೇ ಕೊಟ್ಟಿದ್ದರೆ, ಪೈ ಮಲಗಿದಾಗ ನೆಟ್ಟೂ ಮಲಗುತ್ತದೆ. ಇರಲಿ ಎಂದು ಎರಡನೆಯದಾಗಿ ಹೊರಗಿನ ಡಿಎನ್‌ಎಸ್ ಕೊಟ್ಟರೆ ಸಾಧನಗಳು ಮನಸ್ಸಿಗೆ ಬಂದಾಗ ಅದನ್ನೇ ಕೇಳುತ್ತವೆ, ಜಾಹೀರಾತು ನುಸುಳುತ್ತದೆ. ಎರಡೂ ಕಡೆ ಪಾರಾಗಬೇಕೆಂದರೆ ಎರಡು ಪೈ ಬೇಕು. ನಾನಾದರೆ ಒಂದೇ ಪೈ ಇಟ್ಟು, ಅದು ಕೆಟ್ಟರೆ ರೌಟರಿನ ಯಾವ ಪುಟದಲ್ಲಿ ಯಾವ ಅಂಕಿ ಬದಲಿಸಬೇಕು ಎಂದು ಚೀಟಿ ಬರೆದು ರೌಟರ್ ಕೆಳಗೆ ಅಂಟಿಸುತ್ತೇನೆ.

ಡ್ರೈವ್: ಪೆನ್‌ಡ್ರೈವೋ, ಎಸ್‌ಎಸ್‌ಡಿಯೋ, ಹಾರ್ಡ್ ಡಿಸ್ಕೋ

ಪೆನ್‌ಡ್ರೈವ್ ಇರುವುದು ಫೈಲ್ ಹೊತ್ತೊಯ್ಯಲು. ಒಮ್ಮೆ ಬರೆದು ಹತ್ತು ಸಲ ಓದುವುದು ಅದರ ಜಾಯಮಾನ. ಆಡ್‌ಆನ್‌ಗಳು ಇದಕ್ಕೆ ತದ್ವಿರುದ್ಧ: ಡಿಎನ್‌ಎಸ್ ಲಾಗ್, ಟ್ರಾಫಿಕ್ ಲೆಕ್ಕದ ಡೇಟಾಬೇಸ್, ಸ್ವಾಪ್, ಎಲ್ಲ ಸೇರಿ ಹಗಲು ರಾತ್ರಿ ಚೂರುಚೂರಾಗಿ ಬರೆಯುತ್ತಲೇ ಇರುತ್ತವೆ. ಫ್ಲ್ಯಾಶ್‌ನಲ್ಲಿ ಚಿಕ್ಕ ಬರಹಕ್ಕೂ ದೊಡ್ಡ ತುಂಡನ್ನೇ ಅಳಿಸಿ ಬರೆಯಬೇಕಾಗುತ್ತದೆ. ಸವೆತವನ್ನು ಎಲ್ಲ ಕಡೆ ಸಮನಾಗಿ ಹಂಚುವ ಜಾಣತನ ಅಗ್ಗದ ಪೆನ್‌ಡ್ರೈವ್‌ಗಳಲ್ಲಿ ಕಮ್ಮಿ. ಸಾಯುವ ಮುನ್ನ ಅದು ಸೂಚನೆಯನ್ನೂ ಕೊಡುವುದಿಲ್ಲ. ಒಂದು ದಿನ ‘ರೀಡ್-ಓನ್ಲಿ’ ಅನ್ನುತ್ತದೆ, ಮಾರನೆಯ ದಿನ ಕಾಣುವುದೇ ಇಲ್ಲ.

ಲಾಗ್ ಇಲ್ಲ, ಸ್ವಾಪ್ ಇಲ್ಲ, ಎಂಟ್‌ವೇರ್‌ನ ಒಂದೆರಡು ಪ್ರೋಗ್ರಾಂ ಮಾತ್ರ ಅಂದರೆ 16 ಜಿಬಿಯ ಪೆನ್‌ಡ್ರೈವ್ ಧಾರಾಳ ಆಯಿತು. ಅದಕ್ಕಿಂತ ಹೆಚ್ಚಿನದಕ್ಕೆ ಎಸ್‌ಎಸ್‌ಡಿಯನ್ನೇ ಹೇಳುತ್ತೇನೆ. ಹಳೆಯ ಲ್ಯಾಪ್‌ಟಾಪಿನಿಂದ ತೆಗೆದಿಟ್ಟ 120 ಜಿಬಿಯ ಎಸ್‌ಎಸ್‌ಡಿಯನ್ನು ಒಂದು ಯುಎಸ್‌ಬಿ ಕವಚದಲ್ಲಿ ಹಾಕಿದರೆ ಅದೇ ಬೇಕಾದಷ್ಟಾಯಿತು. ಹಾರ್ಡ್ ಡಿಸ್ಕ್ ಸಿನಿಮಾ, ಫೋಟೊ ತುಂಬಿಡಲು ಸರಿ, ಆಡ್‌ಆನ್‌ಗೆ ಸರಿಯಲ್ಲ. ಪದೇ ಪದೇ ಬರೆಯುವುದರಿಂದ ಅದಕ್ಕೆ ನಿದ್ದೆಯೇ ಇರುವುದಿಲ್ಲ, ಸದ್ದು ಬೇರೆ.

ಕರೆಂಟಿನ ಲೆಕ್ಕವನ್ನೂ ನೋಡಿ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್, 3.0 ಪೋರ್ಟ್ 900 ಮಿಲಿಆಂಪ್ ಕೊಡಬೇಕೆಂಬುದು ನಿಯಮ. ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ತಿರುಗಲು ಶುರುಮಾಡುವ ಗಳಿಗೆಯಲ್ಲಿ ಇದಕ್ಕಿಂತ ಹೆಚ್ಚು ಎಳೆಯಬಹುದು. ಡ್ರೈವ್ ‘ಟಿಕ್, ಟಿಕ್’ ಎಂದು ಶುರುವಾಗಲಾರದೆ ಒದ್ದಾಡಿದರೆ, ಅಥವಾ ಅದನ್ನು ಸಿಕ್ಕಿಸಿದಾಗಲೆಲ್ಲ ರೌಟರ್ ತಾನೇ ಮರುಶುರುವಾದರೆ ಇದೇ ಕಾರಣ ಎಂದು ಮೊದಲು ಅನುಮಾನಿಸಿ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಇದಕ್ಕೆ ಮದ್ದು.

ಇನ್ನೊಂದು ಅನೇಕರಿಗೆ ಹೊಳೆಯುವುದೇ ಇಲ್ಲ. ಯುಎಸ್‌ಬಿ 3.0ಯ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಮುತ್ತ ಹರಡುತ್ತದೆ ಎಂದು ಇಂಟೆಲ್ 2012ರಲ್ಲೇ ಒಂದು ವರದಿ ಪ್ರಕಟಿಸಿತ್ತು. ಡ್ರೈವ್ ಸಿಕ್ಕಿಸಿದ ಮೇಲೆ ದೂರದ ಕೋಣೆಯಲ್ಲಿ 2.4 ವೈಫೈ ಕುಂಟುತ್ತಿದ್ದರೆ, ಅರ್ಧ ಮೀಟರಿನ ಒಳ್ಳೆಯ ಕೇಬಲ್ ಹಾಕಿ ಡ್ರೈವನ್ನು ಆಂಟೆನಾಗಳಿಂದ ದೂರ ಇಡಿ. ಇಲ್ಲವೇ ಪೋರ್ಟನ್ನು ಯುಎಸ್‌ಬಿ 2.0 ವೇಗಕ್ಕೆ ಇಳಿಸಿ, ಹಲವು ರೌಟರ್‌ಗಳಲ್ಲಿ ಆ ಆಯ್ಕೆ ಇರುತ್ತದೆ. ಆಡ್‌ಆನ್‌ಗಳಿಗೆ 2.0 ಸಾಕು ಸಾಕು. ವೇಗ ಬೇಕಾಗುವುದು ದೊಡ್ಡ ಫೈಲ್ ಸಾಗಿಸುವಾಗ ಮಾತ್ರ.

ಫಾರ್ಮ್ಯಾಟ್ ಬಗ್ಗೆ ಹೆಚ್ಚು ಚರ್ಚೆ ಬೇಡ, ಇಎಕ್ಸ್‌ಟಿ4. ಎಂಟ್‌ವೇರ್‌ಗೆ ಲಿನಕ್ಸ್ ಬಗೆಯ ಅನುಮತಿಗಳು, ಸಿಂಬಾಲಿಕ್ ಲಿಂಕ್‌ಗಳು ಬೇಕು. ಎಫ್‌ಎಟಿ32ರಲ್ಲಿ ಎರಡೂ ಇಲ್ಲ. ಒಂದು ಫೈಲ್ 4 ಜಿಬಿ ದಾಟುವಂತೆಯೂ ಇಲ್ಲ. ಬರಹ ಕಮ್ಮಿ ಮಾಡಲು ಜರ್ನಲ್ ಇಲ್ಲದ ಇಎಕ್ಸ್‌ಟಿ2 ಬಳಸಿ ಎಂದು ಕೆಲವರು ಹೇಳುತ್ತಾರೆ. ಕರೆಂಟ್ ಆಗಾಗ ಹೋಗುವ ಕಡೆ ನಾನು ಒಪ್ಪುವುದಿಲ್ಲ. ಅರ್ಧ ಬರೆದದ್ದನ್ನು ಸರಿಪಡಿಸಿಕೊಳ್ಳಲು ಜರ್ನಲ್ ಬೇಕೇ ಬೇಕು. ಇಎಕ್ಸ್‌ಟಿ4ರ ಒಂದು ಕೊರತೆ, ಡ್ರೈವ್ ಕಿತ್ತು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಅದು ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಅಭ್ಯಾಸಬಲದಿಂದ ‘ಹೂಂ’ ಒತ್ತಿದರೆ ಎಲ್ಲ ಹೋಯಿತು. ಮನೆಯವರೆಲ್ಲ ಕಿತ್ತು ಬಳಸುವ ಡ್ರೈವ್ ಬೇರೆ, ಆಡ್‌ಆನ್‌ನ ಡ್ರೈವ್ ಬೇರೆ ಇರಲಿ.

ಫಾರ್ಮ್ಯಾಟ್ ಮಾಡುವಾಗಲೇ ಡ್ರೈವ್‌ಗೊಂದು ಹೆಸರು ಕೊಡಿ. ಹೆಸರಿಲ್ಲದಿದ್ದರೆ ಅದು ಎಸ್‌ಡಿಎ1 ಎಂದು ಮೌಂಟ್ ಆಗುತ್ತದೆ; ನಾಳೆ ಇನ್ನೊಂದು ಡ್ರೈವ್ ಸಿಕ್ಕಿಸಿದರೆ ಅದೇ ಎಸ್‌ಡಿಬಿ1 ಆಗಬಹುದು, ಸ್ಕ್ರಿಪ್ಟ್‌ನಲ್ಲಿ ಬರೆದ ದಾರಿಯೆಲ್ಲ ತಪ್ಪುತ್ತದೆ. ಸ್ವಾಪ್ ಫೈಲ್ 1ರಿಂದ 2 ಜಿಬಿ ಸಾಕು, ಸ್ಕೈನೆಟ್‌ಗೆ ಅದು ಬೇಕೇ ಬೇಕು. ಆದರೆ ಸ್ವಾಪ್ ಇರುವುದು ಕಷ್ಟಕಾಲಕ್ಕೆ. ದಿನಾ ನೂರಾರು ಎಂಬಿ ಸ್ವಾಪ್ ತುಂಬಿರುತ್ತದೆ ಅಂದರೆ ಒಂದೆರಡು ಆಡ್‌ಆನ್ ಇಳಿಸುವ ಕಾಲ ಬಂದಿದೆ.

ಸ್ಕ್ರಿಪ್ಟ್ ಹಾಕುವಾಗ ಕಣ್ಣಿಡಬೇಕಾದ್ದು

ಎಲ್ಲರೂ ಒಮ್ಮೆಯಾದರೂ ಬೀಳುವ ಗುಂಡಿ ಇದು. ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಸ್ಕ್ರಿಪ್ಟ್ ಬರೆದು ರೌಟರಿಗೆ ಸಾಗಿಸುತ್ತೀರಿ. ಓಡಿಸಿದರೆ ‘ನಾಟ್ ಫೌಂಡ್’. ಫೈಲ್ ಪಟ್ಟಿಯಲ್ಲಿ ಇದೆ, ಓಡಿಸುವ ಅನುಮತಿಯೂ ಇದೆ, ಕಣ್ಣೆದುರೇ ಇದೆ, ಆದರೂ ‘ಸಿಗಲಿಲ್ಲ’. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಹೆಚ್ಚಿಗೆ ಸೇರಿಸುತ್ತದೆ. ಮೊದಲ ಸಾಲಿನಲ್ಲಿರುವ ಶೆಲ್‌ನ (ಆಜ್ಞೆಗಳನ್ನು ಓಡಿಸುವ ಪ್ರೋಗ್ರಾಂನ) ಹೆಸರಿಗೂ ಆ ಅಕ್ಷರ ಅಂಟಿಕೊಂಡು, ಇಲ್ಲದ ಹೆಸರಿನ ಶೆಲ್ಲನ್ನು ಲಿನಕ್ಸ್ ಹುಡುಕುತ್ತದೆ. ಸಿಗದಿರುವುದು ನಿಮ್ಮ ಸ್ಕ್ರಿಪ್ಟ್ ಅಲ್ಲ, ಆ ಶೆಲ್. ರೌಟರಿನಲ್ಲೇ ವಿಐ ಅಥವಾ ನ್ಯಾನೊ ಬಳಸಿ ಬರೆದರೆ ಈ ತಾಪತ್ರಯವಿಲ್ಲ. ಬರೆದಾಗಿದ್ದರೆ ಡಾಸ್2ಯುನಿಕ್ಸ್ ಆಜ್ಞೆ ಒಮ್ಮೆ ಓಡಿಸಿ.

ರೌಟರಿನಲ್ಲಿ ಎಲ್ಲ ಸ್ಕ್ರಿಪ್ಟೂ ಪೂರ್ತಿ ಅಧಿಕಾರದೊಂದಿಗೇ ಓಡುತ್ತದೆ, ತಡೆಯಲು ನಡುವೆ ಯಾರೂ ಇಲ್ಲ. ಎಲ್ಲಿಂದಲೋ ಇಳಿಸಿ ನೇರ ಶೆಲ್‌ಗೆ ಸುರಿಯುವ ಒಂದು ಸಾಲಿನ ಆಜ್ಞೆಗಳನ್ನು ಅಂಟಿಸುವ ಮುನ್ನ ಫೈಲನ್ನು ಇಳಿಸಿಕೊಂಡು ಒಮ್ಮೆ ಓದಿ. ಎಸ್‌ಎಸ್‌ಎಚ್ ಮನೆಯೊಳಗಿನಿಂದ ಮಾತ್ರ ತೆರೆದಿರಲಿ; ಸಾಂಬಾ, ಎಫ್‌ಟಿಪಿ, ಅಡ್ಮಿನ್ ಪುಟ ಯಾವುದೂ ಹೊರಗಿನ ಇಂಟರ್ನೆಟ್ಟಿಗೆ ಕಾಣಬಾರದು. 2018ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ದುರ್ತಂತ್ರಾಂಶ ಕನಿಷ್ಠ 5 ಲಕ್ಷ ರೌಟರ್ ಮತ್ತು ಸ್ಟೋರೇಜ್ ಸಾಧನಗಳನ್ನು ಹಿಡಿದಿತ್ತು. ರೌಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದರೂ ಅದರ ಒಂದು ಭಾಗ ಉಳಿಯುತ್ತಿತ್ತು.

ಫರ್ಮ್‌ವೇರ್ ಬದಲಿಸುವ ದಿನ ಮೊದಲು ಜೆಎಫ್‌ಎಫ್‌ಎಸ್‌ನ ಬ್ಯಾಕಪ್ ಇಳಿಸಿಕೊಳ್ಳಿ, ಆಮೇಲೆ ಡ್ರೈವನ್ನು ಪುಟದಲ್ಲಿನ ಗುಂಡಿ ಒತ್ತಿ ಸುರಕ್ಷಿತವಾಗಿ ತೆಗೆಯಿರಿ. ಆಡ್‌ಆನ್‌ಗಳು ನಿಂತು ರ‍್ಯಾಮ್ ಖಾಲಿಯಾಗುತ್ತದೆ, ಹೊಸ ಫರ್ಮ್‌ವೇರ್ ಕೂರಲು ಜಾಗ ಸಿಗುತ್ತದೆ.

ನನ್ನ ಆಯ್ಕೆ ಕೇಳಿದರೆ: ಬೆಂಬಲವಿರುವ ಆಸುಸ್ ರೌಟರ್ ಈಗಾಗಲೇ ಮನೆಯಲ್ಲಿದ್ದರೆ ಮರ್ಲಿನ್, ಒಂದು ಸಣ್ಣ ಎಸ್‌ಎಸ್‌ಡಿ, ಎರಡೇ ಎರಡು ಆಡ್‌ಆನ್. ಬೇರೆ ಕಂಪನಿಯದಾದರೆ, ಆ ಮಾದರಿಗೆ ಬೆಂಬಲವಿದ್ದರೆ ಓಪನ್‌ಡಬ್ಲ್ಯೂಆರ್‌ಟಿ, ಡ್ರೈವ್ ದತ್ತಾಂಶಕ್ಕೆ ಮಾತ್ರ. ಇಂಟರ್ನೆಟ್ ಕಂಪನಿ ಕೊಟ್ಟ ಬೀಗ ಜಡಿದ ಪೆಟ್ಟಿಗೆಯಾದರೆ ಅದನ್ನು ಬ್ರಿಡ್ಜ್ ಮೋಡ್‌ಗೆ (ಬರೀ ಲೈನ್ ದಾಟಿಸುವ ಸ್ಥಿತಿಗೆ) ಹಾಕಿ ಹಿಂದೆ ಸ್ವಂತ ರೌಟರ್ ಇಡಿ, ಅದಾಗದಿದ್ದರೆ ಪೈ.

ಯಾವುದೇ ಆಗಲಿ, ಎಲ್ಲ ಸರಿಯಾಗಿ ಓಡುತ್ತಿದೆ ಅನ್ನಿಸಿದ ಸಂಜೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಡ್ರೈವನ್ನು ಕಳಚಿ ಪಕ್ಕಕ್ಕಿಡಿ, ರೌಟರಿನ ಸ್ವಿಚ್ ಆರಿಸಿ ಹಾಕಿ, ಐದು ನಿಮಿಷ ಬಿಡಿ. ಫೋನಿನ ವೈಫೈ ಆಫ್ ಮಾಡಿ ಮತ್ತೆ ಆನ್ ಮಾಡಿ, ಯಾವುದಾದರೂ ಒಂದು ಪುಟ ತೆರೆಯಿರಿ. ತೆರೆಯದಿದ್ದರೆ ಡ್ರೈವ್ ಮತ್ತೆ ಸಿಕ್ಕಿಸುವ ಮೊದಲು ಲಾಗ್ ಓದಿ. ಯಾವ ಸಾಲು ಡ್ರೈವ್ ಇಲ್ಲದೆ ಮುಂದೆ ಹೋಗಲಾರದೆ ನಿಂತಿದೆ ಎಂದು ಅಲ್ಲೇ ಬರೆದಿರುತ್ತದೆ.